ಲೈನ್ ಹೋಗಿ ಬರುತ್ತಿದ್ದರೆ ಎಲ್ಲಿ ನೋಡಬೇಕು?



ಕೊಯಮತ್ತೂರು ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಗುಮಾಸ್ತನಾಗಿದ್ದಾಗ ಹೆಚ್ಚು ಸಲ ಆಡಿದ ಮಾತು ಯಾವುದು ಗೊತ್ತೇ? ತಮಿಳಿನಲ್ಲಿ 'ಲೈನ್ ಇಲ್ಲೈ', ಕನ್ನಡದಲ್ಲಿ 'ಲೈನ್ ಇಲ್ಲ'. ಬೆಳಗಿನ ಬಸ್ಸಿಗೆ ಪಿಂಚಣಿಗೆಂದು ಬಂದ ಅಜ್ಜಿಯೊಬ್ಬರು ಸಂಜೆಯವರೆಗೂ ಕುಳಿತು ಬರಿಗೈಯಲ್ಲಿ ಹೋದರು. ಪಕ್ಕದ ಮೇಜಿನ ಕಂಪ್ಯೂಟರಿಗೆ ಲೈನ್ ಇತ್ತು. ಆದರೆ ಹಣ ಕೊಡುವ ಕೌಂಟರ್ ನನ್ನದು.

ಪೂರ್ತಿ ಕೆಟ್ಟದ್ದನ್ನು ಹುಡುಕುವುದು ಸುಲಭ. ಹೋಗಿ ಬರುವ ದೋಷವೇ ಕಷ್ಟ. ಮೆಕ್ಯಾನಿಕ್ ಬಂದಾಗ ಎಲ್ಲವೂ ಸರಿಯಾಗಿರುತ್ತದೆ. ಇಂದು ತಿರುಪ್ಪೂರಿನ ಬನಿಯನ್ ಕಂಪೆನಿಗಳ ಆಫೀಸಿನಲ್ಲಿ ನಮ್ಮ ಮಕ್ಕಳು ಇಂಥ ಕಂಪ್ಯೂಟರುಗಳ ಮುಂದೆ ಕೂರುತ್ತಾರೆ. ಇ-ವೇ ಬಿಲ್ ತೆಗೆಯುವ ಹೊತ್ತಿಗೆ ಲೈನ್ ಹೋದರೆ ಲಾರಿಯೂ ನಿಲ್ಲುತ್ತದೆ. ಆದ್ದರಿಂದ ಈ ಮಾತು.

1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯಲ್ಲಿ ಮೆಟ್‌ಕಾಫ್, ಬಾಗ್ಸ್ ಎಂಬವರು ಈಥರ್‌ನೆಟ್ ರೂಪಿಸಿದಾಗ ಎಲ್ಲ ಯಂತ್ರಗಳಿಗೂ ಒಂದೇ ಕೇಬಲ್. ಈಗ ಹಾಗಲ್ಲ. ಪ್ರತಿ ಕಂಪ್ಯೂಟರಿನಿಂದಲೂ ಸ್ವಿಚ್ ಎಂಬ ಪೆಟ್ಟಿಗೆಗೆ ಬೇರೆ ಬೇರೆ ಕೇಬಲ್ ಹೋಗುತ್ತದೆ. ಆದ್ದರಿಂದ ಮೊದಲ ಪ್ರಶ್ನೆ: ಲೈನ್ ಹೋದದ್ದು ಎಲ್ಲರಿಗೋ, ಒಬ್ಬರಿಗೋ? ಎಲ್ಲರಿಗೂ ಹೋದರೆ ಸ್ವಿಚ್, ರೌಟರ್ ಅಥವಾ ಹೊರಗಿನ ಲೈನ್ ನೋಡಬೇಕು. ಒಬ್ಬರಿಗೆ ಮಾತ್ರವಾದರೆ ದೋಷ ಹೆಚ್ಚಾಗಿ ಆ ಯಂತ್ರಕ್ಕೂ ಸ್ವಿಚ್ಚಿಗೂ ನಡುವೆಯೇ ಇರುತ್ತದೆ.

ಎರಡನೆಯದು, ಕೇಬಲ್ ಸಿಕ್ಕಿಸುವ ಜಾಗದ ಪುಟ್ಟ ದೀಪ. ಲೈನ್ ಹೋದ ಕ್ಷಣದಲ್ಲಿ ಅದೂ ಆರಿದರೆ ಕೇಬಲ್, ಅದರ ತುದಿಯ ಕನೆಕ್ಟರ್ ಅಥವಾ ಸಿಕ್ಕಿಸುವ ತೂತಿನ ಮೇಲೆ ಅನುಮಾನಪಡಿ. ಕನೆಕ್ಟರಿನ ಪ್ಲಾಸ್ಟಿಕ್ ಕೊಂಡಿ ಮುರಿದಿದ್ದರೆ ಅದು ಸಡಿಲಾಗಿ, ಮೇಜು ಅಲುಗಿದರೂ ಸಂಪರ್ಕ ತಪ್ಪುತ್ತದೆ. ಕೇಬಲಿನೊಳಗೆ ನಾಲ್ಕು ಜೋಡಿ, ಅಂದರೆ ಎಂಟು ತಂತಿಗಳಿವೆ. 1000 ಮೆಗಾಬಿಟ್ ವೇಗಕ್ಕೆ ಎಂಟೂ ಬೇಕು. 100ಕ್ಕೆ ನಾಲ್ಕೇ ಸಾಕು. ವೇಗ ಇದ್ದಕ್ಕಿದ್ದಂತೆ 1000ದಿಂದ 100ಕ್ಕೆ ಇಳಿದರೆ ಒಳಗೆ ತಂತಿಯೊಂದು ಕಡಿದಿರಬಹುದು.

ಮೂರನೆಯದು, ಪಕ್ಕದವರ ಸರಿಯಾದ ಕೇಬಲನ್ನು ಹಾಕಿ ನೋಡಿ. ದೋಷ ನಿಂತರೆ ಕೇಬಲ್ಲೇ ಕಾರಣ. ನಿಲ್ಲದಿದ್ದರೆ ಸ್ವಿಚ್ಚಿನ ಬೇರೆ ತೂತಿಗೆ ಸಿಕ್ಕಿಸಿ. ಅದಕ್ಕೂ ನಿಲ್ಲದಿದ್ದರೆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ವಿದ್ಯುತ್ ಉಳಿಸಲೆಂದು ತಾನೇ ಮಲಗುವ ಏರ್ಪಾಡಿದ್ದರೆ ಅದನ್ನು ತೆಗೆಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಪುಸ್ತಕವನ್ನೇ ಹರಿಯುತ್ತೇವೆಯೇ? ಒಂದೊಂದೇ ಬಾಬ್ತಿಗೆ ಟಿಕ್ ಹಾಕುತ್ತಾ ಬರುತ್ತೇವೆ. ಇದೂ ಹಾಗೆಯೇ.

ಜೊತೆಗೆ ಒಂದು ಚೀಟಿ ಇಡಿ. ಲೈನ್ ಎಷ್ಟು ಗಂಟೆಗೆ ಹೋಯಿತು, ಆಗ ಏನು ನಡೆಯುತ್ತಿತ್ತು, ಬರೆಯಿರಿ. ದೊಡ್ಡ ಮೋಟಾರ್ ಚಾಲೂ ಆದಾಗಲೆಲ್ಲ ಹೋದರೆ, ಕೇಬಲ್ ಕರೆಂಟಿನ ತಂತಿಗೆ ಅಂಟಿಕೊಂಡು ಹೋಗಿದೆಯೇ ನೋಡಿ, ದೂರ ಎಳೆಸಿ. ಗೋಡೌನಿನವರೆಗೆ ಎಳೆದ ಕೇಬಲ್ 100 ಮೀಟರ್ ಮೀರಬಾರದು.

ನಮ್ಮ ಶಾಖೆಯಲ್ಲಿ ಹೊಸ ಕಂಪ್ಯೂಟರ್ ಬೇಕೆಂದು ಪತ್ರವನ್ನೇ ಬರೆದಿದ್ದೆವು. ಕೊನೆಗೆ ಆ ಚೀಟಿಯೇ ದಾರಿ ತೋರಿಸಿತು: ನಾನು ಕುರ್ಚಿ ಹಿಂದಕ್ಕೆ ಎಳೆದಾಗಲೆಲ್ಲ ಲೈನ್ ಹೋಗುತ್ತಿತ್ತು. ಕುರ್ಚಿಯ ಚಕ್ರ ನೆಲದ ಕೇಬಲನ್ನು ಜಜ್ಜಿತ್ತು. ಬೇರೆ ಕೇಬಲನ್ನು ಗೋಡೆಯ ಅಂಚಿಗೆ ಎಳೆಸಿದೆವು, ತೊಂದರೆ ನಿಂತಿತು. ಆದರೆ ಆ ಅಜ್ಜಿ ಎರಡನೆಯ ಸಲ ಬರಲು ಕೊಟ್ಟ ಬಸ್ ಚಾರ್ಜನ್ನು ಯಾರೂ ಹಿಂತಿರುಗಿಸಲಿಲ್ಲ.

'ಲೈನ್ ಇಲ್ಲ' ಎನ್ನುವ ಮೊದಲು ಒಮ್ಮೆ ಮೇಜಿನ ಕೆಳಗೆ ಬಗ್ಗಿ ನೋಡಿ.