ಕುದುರೆ ಏರಿ ಬಂದ ಶತ್ರುವನ್ನು ಎದುರಿಸುವುದು ಹೇಗೆ?



ರಜೆಯ ದಿನ ಮೇಜಿನ ಸುತ್ತ ಕುಳಿತು ನೀವು ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಬರೀ ಕಾಲಹರಣವೆಂದು ಮನೆಯ ಹಿರಿಯರು ಗೊಣಗಬಹುದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟಕ್ಕೆ ದಾಳದಷ್ಟೇ ಬುದ್ಧಿಯೂ ಬೇಕು. ಡಂಜನ್ ಮಾಸ್ಟರ್ ಬಯಲಿನಲ್ಲಿ ನಾಲ್ಕು ಜನ ಸವಾರರನ್ನು ನಿಮ್ಮ ಮೇಲೆ ಬಿಟ್ಟ ದಿನ ಇದು ಚೆನ್ನಾಗಿ ತಿಳಿಯುತ್ತದೆ. ತಿಂಗಳುಗಟ್ಟಲೆ ಆಡಿ ಬೆಳೆಸಿದ ಪಾತ್ರ ಒಂದೇ ಸಂಜೆಯಲ್ಲಿ ಸಾಯಬಹುದು. (ಇಲ್ಲಿನ ಲೆಕ್ಕಗಳೆಲ್ಲ 2014ರ ನಿಯಮಪುಸ್ತಕದವು, 2024ರ ಆವೃತ್ತಿಯಲ್ಲಿ ಕೆಲವು ಬದಲಾಗಿವೆ.)

ಮೊದಲು ಶತ್ರುವಿನ ಬಲ ಎಲ್ಲಿದೆ ನೋಡಿ. ಮನುಷ್ಯಪಾತ್ರ ಒಂದು ಸರದಿಯಲ್ಲಿ 30 ಅಡಿ ನಡೆದರೆ, ಯುದ್ಧದ ಕುದುರೆ 60 ಅಡಿ ಓಡುತ್ತದೆ. ಸವಾರ ಹೊಡೆದೊಡನೆ ಕುದುರೆ 'ಡಿಸ್‌ಎಂಗೇಜ್' ಮಾಡಿ ಜಾರಿಕೊಂಡರೆ, ಹೋಗುವವನಿಗೆ ಒಂದು ಏಟು ಕೊಡುವ ಅವಕಾಶವೂ ನಿಮಗಿಲ್ಲ. ಸಿಟ್ಟಿನಿಂದ ಹಿಂದೆ ಓಡಿದವರು ಗುಂಪಿನಿಂದ ಬೇರಾಗುತ್ತಾರೆ. ಸವಾರನಿಗೆ ಬೇಕಾದದ್ದೂ ಅದೇ.

ಆದ್ದರಿಂದ ಅಟ್ಟಿಸಿಕೊಂಡು ಹೋಗಬೇಡಿ, ಅವನೇ ಬರಲಿ. 10 ಅಡಿ ಎಟುಕುವ ಪೈಕ್ ಹಿಡಿದವರು 'ರೆಡಿ' ಹೇಳಿ, ಅವನು ಅಳತೆಗೆ ಸಿಕ್ಕೊಡನೆ ಚುಚ್ಚಲಿ. ಅವನ ಕೈಯಲ್ಲಿ ಲ್ಯಾನ್ಸ್ ಇದ್ದರೆ ಮೈಗೆ ಮೈ ತಾಗುವಷ್ಟು ಹತ್ತಿರ ನುಗ್ಗಿ. 5 ಅಡಿಯೊಳಗಿನ ಶತ್ರುವನ್ನು ಲ್ಯಾನ್ಸ್‌ನಿಂದ ತಿವಿಯಲು ಅವನು ಎರಡು ದಾಳ ಉರುಳಿಸಿ, ಕಡಿಮೆ ಬಿದ್ದದ್ದನ್ನೇ ಎಣಿಸಬೇಕು.

ಎರಡನೆಯದು ನೆಲ. 1415ರಲ್ಲಿ ಅಜಿನ್‌ಕೋರ್ಟ್‌ನಲ್ಲಿ ಇಂಗ್ಲಿಷ್ ಬಿಲ್ಲುಗಾರರು ಚೂಪು ಮಾಡಿದ ಗೂಟಗಳನ್ನು ಮುಂದೆ ನೆಟ್ಟುಕೊಂಡು ನಿಂತರು. ಕೆಸರಾದ ಹೊಲವೂ ಸೇರಿ ಫ್ರೆಂಚ್ ಸವಾರರ ವೇಗ ಅಡಗಿತು. ನೀವೂ ಮರಗಳ ನಡುವೆ, ಕಲ್ಲುಮಣ್ಣಿನ ಇಳಿಜಾರಿನಲ್ಲಿ ನಿಲ್ಲಿ. ಕಷ್ಟದ ನೆಲದಲ್ಲಿ ಕುದುರೆಯ 60 ಅಡಿ 30 ಆಗುತ್ತದೆ. ಚೀಲದಲ್ಲಿ ಕ್ಯಾಲ್‌ಟ್ರಾಪ್ ಇದ್ದರೆ ದಾರಿಗೆ ಚೆಲ್ಲಿ. ನಮ್ಮ ಹೊಲದಂಚಿನ ನೆಗ್ಗಿಲು ಮುಳ್ಳಿನದೇ ಆಕಾರ, ಕಬ್ಬಿಣದ್ದು ಅಷ್ಟೆ! ತುಳಿದ ಕುದುರೆ ಡೆಕ್ಸ್‌ಟೆರಿಟಿ ದಾಳದಲ್ಲಿ 15 ಮುಟ್ಟದಿದ್ದರೆ ಅಲ್ಲೇ ನಿಲ್ಲುತ್ತದೆ.

ಮೂರನೆಯದು ಸವಾರನನ್ನೂ ಕುದುರೆಯನ್ನೂ ಬೇರೆ ಮಾಡುವುದು. ಗಟ್ಟಿಗನೊಬ್ಬ ಕುದುರೆಯನ್ನು 5 ಅಡಿ ಹಿಂದಕ್ಕೆ ತಳ್ಳಿದರೂ ಸಾಕು, ಸವಾರ ಡೆಕ್ಸ್‌ಟೆರಿಟಿ ದಾಳದಲ್ಲಿ 10 ಮುಟ್ಟದಿದ್ದರೆ ನೆಲಕ್ಕೆ. 'ಗ್ರೀಸ್' ಮಂತ್ರಕ್ಕೆ ಕುದುರೆ ಜಾರಿ ಬಿದ್ದರೆ ಸವಾರ ತನ್ನ ರಿಯಾಕ್ಷನ್ ಬಳಸಿ ಕಾಲೂರಿ ಇಳಿಯಬಹುದು. ಆ ರಿಯಾಕ್ಷನ್ ಮೊದಲೇ ಖರ್ಚಾಗಿದ್ದರೆ ಅವನೂ ಮಣ್ಣುಮುಕ್ಕುತ್ತಾನೆ.

ಇನ್ನು ಬಾಣ ಬಿಟ್ಟು ಕುದುರೆಯನ್ನೇ ಕೊಲ್ಲೋಣವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಯುದ್ಧದ ಕುದುರೆಗೆ ಇರುವುದು 19 ಹಿಟ್ ಪಾಯಿಂಟ್, ಕೊಲ್ಲುವುದು ಕಷ್ಟವೇನಲ್ಲ. ಪ್ರಾಣಕ್ಕೆ ಬಂದಾಗ ಬೇರೆ ದಾರಿಯಿಲ್ಲದಿರಬಹುದು. ಆದರೆ ಆ ಮೂಕಪ್ರಾಣಿ ಜಗಳಕ್ಕೆ ತಾನಾಗಿ ಬಂದದ್ದಲ್ಲ. 'ಸ್ಲೀಪ್' ಮಂತ್ರ ಹಾಕಿದರೆ ಎಂಟು ಮುಖದ ಐದು ದಾಳಗಳಿಂದ ಸರಾಸರಿ 22 ಬೀಳುತ್ತದೆ. ಕುದುರೆ ಮಲಗಲು ಅಷ್ಟು ಸಾಕು. ಮಂತ್ರದ ಸುತ್ತಳತೆಯೊಳಗೆ ನಿಮ್ಮ ಕಡೆಯ ಗಾಯಾಳುಗಳು ಇಲ್ಲದಂತೆ ಮಾತ್ರ ನೋಡಿಕೊಳ್ಳಿ, ಕಡಿಮೆ ಪಾಯಿಂಟ್ ಇದ್ದವರು ಮೊದಲು ಮಲಗುತ್ತಾರೆ. ಗೃಹಿಣಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಆ ಕುದುರೆಯ ಬೆಲೆ 400 ಚಿನ್ನದ ನಾಣ್ಯ! ಕೊಂದರೆ ಕೈಗೇನು ಬಂತು?

ಶಕ್ತಿಗಿಂತ ಯುಕ್ತಿ ಮೇಲು ಎಂಬ ಮಾತು ನಿಮಗೆ ಗೊತ್ತೇ ಇದೆ. ಇಲ್ಲಿ ಯುಕ್ತಿಯೆಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಜೊತೆಯಾಗುವುದು. ಮಂತ್ರಗಾರ ಕೆಡವಬೇಕು, ಪೈಕ್‌ನವನು ಕಾಯಬೇಕು, ಗಟ್ಟಿಗ ಅಡ್ಡ ನಿಲ್ಲಬೇಕು. ದಾಳ ಉರುಳಿಸುವ ಮೊದಲು ಒಂದು ನಿಮಿಷ ಪರಸ್ಪರ ಮಾತಾಡಿಕೊಳ್ಳಿ. ಗಾಯಗೊಂಡ ಗೆಳೆಯನನ್ನು ನಡುವೆ ಇಟ್ಟುಕೊಂಡು ಬೆನ್ನಿಗೆ ಬೆನ್ನು ಕೊಟ್ಟು ನಿಂತವರ ಮೇಲೆ ನುಗ್ಗಲು ಎಂಥ ಸವಾರನೂ ಎರಡು ಸಲ ಯೋಚಿಸುತ್ತಾನೆ.