ಎಂಜಿನಿಗೆ ಪೆಟ್ರೋಲು ಮುಟ್ಟದಾಗ

ದಾರಿಯ ನಡುವೆ ಮೋಟಾರ್ ಸೈಕಲ್ಲು ನಿಂತುಹೋದರೆ ಸಲಹೆಗಾರರಿಗೆ ಕೊರತೆಯಿಲ್ಲ. ‘ಪೆಟ್ರೋಲಿನಲ್ಲಿ ಕಸ ಬಂದಿದೆ’ ಎನ್ನುವವನೊಬ್ಬ, ‘ಪ್ಲಗ್ಗು ಕೆಟ್ಟಿದೆ’ ಎನ್ನುವವನೊಬ್ಬ, ‘ಪಂಪು ಬದಲಿಸಿಬಿಡಿ’ ಎನ್ನುವವನು ಮತ್ತೊಬ್ಬ. ಮೂವರ ಮಾತೂ ನಿಜವಿರಬಹುದು. ಆದರೆ ಪರೀಕ್ಷಿಸದೆ ಆಡಿದ ಮಾತಿಗೆ ಹಣ ತೆರುವವನು ವಾಹನದ ಒಡೆಯ. ನಮ್ಮ ಶಾಲೆಯ ಮಕ್ಕಳ ತಂದೆಯರಲ್ಲಿ ಹಲವರ ಅನ್ನವು ಎರಡು ಗಾಲಿಗಳ ಮೇಲೆಯೇ ನಿಂತಿದೆ. ಆದುದರಿಂದ ಪೆಟ್ರೋಲು ಟಾಕಿಯಿಂದ ಎಂಜಿನಿನವರೆಗೆ ಹೇಗೆ ಸಾಗುತ್ತದೆ, ಎಲ್ಲಿ ತಡೆಯುತ್ತದೆ, ಆ ತಡೆಯನ್ನು ಹೇಗೆ ಕಂಡುಹಿಡಿಯಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆನು. ಅನಿಲದಿಂದ ಓಡುವ ರಿಕ್ಷಾ, ಟ್ಯಾಕ್ಸಿಗಳ ವಿಷಯ ಬೇರೆ. ಅವುಗಳ ನಳಿಗೆಗಳನ್ನು ಪರವಾನಿಗೆಯುಳ್ಳವರೇ ಮುಟ್ಟತಕ್ಕದ್ದು.

ಎಂಜಿನು ನಡೆಯಲು ಗಾಳಿ, ಕಿಡಿ, ಇಂಧನ ಈ ಮೂರೂ ಬೇಕು. ಅದೂ ತಕ್ಕ ಪ್ರಮಾಣದಲ್ಲಿ. ಒಂದು ಗ್ರಾಮ್ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಮ್ ಗಾಳಿ ಬೇಕಾಗುತ್ತದೆ. ಪೆಟ್ರೋಲು ಕಡಿಮೆಯಾದರೆ ವಾಹನವು ಏರಿನಲ್ಲಿ ಸೊರಗುತ್ತದೆ, ಎಳೆದೆಳೆದು ಮುಗ್ಗರಿಸುತ್ತದೆ. ಹೆಚ್ಚಾದರೆ ಕಪ್ಪು ಹೊಗೆ ಉಗುಳುತ್ತದೆ. ಕಿಡಿಯ ದೋಷವೂ ಹೆಚ್ಚುಕಡಿಮೆ ಇದೇ ಲಕ್ಷಣಗಳನ್ನು ತೋರಿಸುವುದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸಿಲಿಂಡರಿಗೆ ಪೆಟ್ರೋಲು ಮುಟ್ಟುತ್ತಿದೆಯೆ ಇಲ್ಲವೆ?

ಇದಕ್ಕೆ ಪ್ಲಗ್ಗೇ ಸಾಕ್ಷಿ. ಹಲವು ಸಲ ಒದ್ದರೂ ಹತ್ತದ ಎಂಜಿನಿನ ಪ್ಲಗ್ಗನ್ನು ಬಿಚ್ಚಿ ನೋಡಿದಾಗ ಅದರ ತುದಿ ಪೆಟ್ರೋಲಿನಿಂದ ತೊಯ್ದಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿಯನ್ನು ವಿಚಾರಿಸಬೇಕು. ಒಣಗಿದ್ದರೆ ಪೆಟ್ರೋಲಿನ ದಾರಿಯನ್ನು ಹುಡುಕಬೇಕು. ವಾಹನ ನಿಂತ ರೀತಿಯೂ ಕೆಲಮಟ್ಟಿಗೆ ಸೂಚನೆ ಕೊಡುತ್ತದೆ. ದೀಪ ಆರಿಸಿದಂತೆ ಥಟ್ಟನೆ ನಿಂತರೆ ವಿದ್ಯುತ್ತಿನ ಮೇಲೆ ಸಂಶಯ ಹೆಚ್ಚು; ಕೆಮ್ಮುತ್ತ, ತೂರಾಡುತ್ತ ನಿಂತರೆ ಪೆಟ್ರೋಲಿನ ಮೇಲೆ. ಇದು ಸೂಚನೆ ಮಾತ್ರ, ನಿರ್ಣಯವಲ್ಲ.

ಕಾರ್ಬುರೇಟರಿನ ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಈ ದಾರಿ ಸರಳವಾದುದು. ಟಾಕಿ ಮೇಲಿದೆ, ಕಾರ್ಬುರೇಟರು ಕೆಳಗಿದೆ; ನಡುವೆ ಒಂದು ನಲ್ಲಿ, ಒಂದು ಜಾಳಿಗೆ, ಒಂದು ರಬ್ಬರಿನ ನಳಿಗೆ. ತನ್ನ ಭಾರದಿಂದಲೇ ಇಳಿದುಬರುವ ಪೆಟ್ರೋಲು ಕಾರ್ಬುರೇಟರಿನ ತಳದ ಪುಟ್ಟ ಬಟ್ಟಲಿನಲ್ಲಿ ನಿಲ್ಲುತ್ತದೆ. ಬಟ್ಟಲು ತುಂಬಿದಾಗ ತೇಲುವ ಬುರುಡೆಯೊಂದು ಮೇಲೆದ್ದು, ಸೂಜಿಯಿಂದ ಒಳದಾರಿಯನ್ನು ಮುಚ್ಚುತ್ತದೆ. ನಮ್ಮ ಕಟ್ಟಡಗಳ ಮಾಳಿಗೆಯ ನೀರಿನ ಟಾಕಿಯಲ್ಲಿರುವ ಚೆಂಡಿನ ಏರ್ಪಾಡೇ ಇದು. ಬಟ್ಟಲಿನಿಂದ ಪೆಟ್ರೋಲು ಸಣ್ಣ ರಂಧ್ರಗಳ ಮೂಲಕ ಗಾಳಿಯೊಡನೆ ಸೇರುತ್ತದೆ. ಗ್ಯಾರೇಜಿನವರು ಈ ರಂಧ್ರಗಳನ್ನು ಜೆಟ್ ಎನ್ನುತ್ತಾರೆ.

ಇಲ್ಲಿ ಒಂದೇ ಪರೀಕ್ಷೆಯಿಂದ ದಾರಿಯನ್ನು ಎರಡು ಪಾಲು ಮಾಡಬಹುದು. ಎಂಜಿನು ತಣ್ಣಗಾದ ಮೇಲೆ ನಲ್ಲಿಯನ್ನು ತೆರೆದಿಟ್ಟು, ಬಟ್ಟಲಿನ ತಳದ ಸ್ಕ್ರೂವನ್ನು ಸಡಿಲಿಸಿ, ಬೀಳುವ ಪೆಟ್ರೋಲನ್ನು ಪಾರದರ್ಶಕ ಶೀಸೆಯಲ್ಲಿ ಹಿಡಿಯಬೇಕು. ಮೊದಲು ಬೀಳುವುದು ಬಟ್ಟಲಿನಲ್ಲಿದ್ದ ಸಂಗ್ರಹ. ಅದರಿಂದ ಏನೂ ತಿಳಿಯದು. ಅದು ಮುಗಿದ ಬಳಿಕವೂ ಧಾರೆ ತೆಳುವಾಗದೆ ಬರುತ್ತಿದ್ದರೆ ಬಟ್ಟಲಿನವರೆಗೆ ದಾರಿ ನಿರ್ಬಾಧವಾಗಿದೆ. ದೋಷವನ್ನು ಜೆಟ್ಟುಗಳಲ್ಲಿ ಹುಡುಕಬೇಕು. ತೊಟ್ಟಿಕ್ಕತೊಡಗಿದರೆ ದೋಷ ಮೇಲಿನ ಪಾಲಿನಲ್ಲಿದೆ. ಆಗ ಟಾಕಿಯ ಮುಚ್ಚಳವನ್ನು ತೆರೆದು ನೋಡಬೇಕು. ಕೂಡಲೆ ಧಾರೆ ಹೆಚ್ಚಿದರೆ ಮುಚ್ಚಳದಲ್ಲಿರುವ ಗಾಳಿರಂಧ್ರ ಕಟ್ಟಿಕೊಂಡಿದೆಯೆಂದು ತಿಳಿಯತಕ್ಕದ್ದು. ಪೆಟ್ರೋಲು ಹೊರಟಷ್ಟೂ ಗಾಳಿ ಒಳಬರದಿದ್ದರೆ ಟಾಕಿಯಲ್ಲಿ ಒತ್ತಡ ಕುಗ್ಗಿ ಪೆಟ್ರೋಲು ಕೆಳಗಿಳಿಯದು. ಕಾಸೂ ಖರ್ಚಿಲ್ಲದ ಈ ದೋಷಕ್ಕಾಗಿ ಇಡೀ ಕಾರ್ಬುರೇಟರನ್ನು ಬಿಚ್ಚಿಸಿಕೊಂಡವರುಂಟು.

ಶೀಸೆಯನ್ನು ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟು ನೋಡುವುದೂ ಒಳ್ಳೆಯದು. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ಕೂಡುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಎಂಬ ಮದ್ಯಸಾರ ಬೆರೆತಿರುತ್ತದೆ. ಇದು ಸ್ವಲ್ಪ ನೀರನ್ನು ತನ್ನೊಳಗೇ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಕೂಡಿ ಕೆಳಗಿಳಿದು ಪ್ರತ್ಯೇಕ ಪದರವಾಗುತ್ತವೆ. ಮುಂಬಯಿಯ ಮಳೆಗಾಲದಲ್ಲಿ ಬಯಲಲ್ಲೇ ನಿಲ್ಲುವ ವಾಹನಗಳ ಮುಚ್ಚಳದ ರಬ್ಬರು ಸರಿಯಾಗಿರಬೇಕೆಂಬುದು ಇದಕ್ಕೇ.

ಭಾರತ್ ಸ್ಟೇಜ್ 6 ನಿಯಮಗಳು 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಹೊಸ ಪೆಟ್ರೋಲು ದ್ವಿಚಕ್ರಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಇಂಜೆಕ್ಟರು ಆಕ್ರಮಿಸಿದೆ. ಟಾಕಿಯೊಳಗೇ ಮುಳುಗಿರುವ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಿ ಕಳಿಸುತ್ತದೆ. ಅನೇಕ ವಾಹನಗಳಲ್ಲಿ ಈ ಒತ್ತಡ ಸುಮಾರು 3 ಬಾರ್. ಎಷ್ಟು ಪೆಟ್ರೋಲನ್ನು ಯಾವ ಕ್ಷಣಕ್ಕೆ ಸಿಂಪಡಿಸಬೇಕೆಂಬುದನ್ನು ಒಂದು ಪುಟ್ಟ ಗಣಕಯಂತ್ರ ನಿರ್ಧರಿಸುತ್ತದೆ.

ಚಾವಿ ತಿರುಗಿಸಿದ ಕೂಡಲೆ ಎರಡು ಮೂರು ಸೆಕೆಂಡು ‘ಗುಂಯ್’ ಎಂಬ ಸದ್ದು ಕೇಳಬೇಕು. ಅದು ಪಂಪಿನ ಧ್ವನಿ. ಕೇಳದಿದ್ದರೆ ಪಂಪು ಸತ್ತಿತೆಂದು ತೀರ್ಮಾನಿಸಬಾರದು. ಹಿಡಿಯ ಬಳಿಯ ಕೆಂಪು ಸ್ವಿಚ್ಚು, ಫ್ಯೂಸು, ರಿಲೇ, ತಂತಿಯ ಕೂಡುಗಳು ಇವನ್ನೆಲ್ಲ ಮೊದಲು ನೋಡಬೇಕು. ವಾಹನ ಪಕ್ಕಕ್ಕೆ ಉರುಳಿದಾಗ ಪಂಪನ್ನು ತಾನಾಗಿ ನಿಲ್ಲಿಸುವ ಏರ್ಪಾಡೂ ಅನೇಕ ವಾಹನಗಳಲ್ಲಿದೆ; ಎತ್ತಿ ನಿಲ್ಲಿಸಿ, ಚಾವಿಯನ್ನು ಒಮ್ಮೆ ಆರಿಸಿ ಮತ್ತೆ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸದ್ದು ಕೇಳಿದೊಡನೆ ಪಂಪು ಸರಿಯಿದೆಯೆಂದೂ ಅಲ್ಲ. ನಮ್ಮ ಚಾಳುಗಳಲ್ಲಿ ಮಧ್ಯಾಹ್ನ ಒಂದೇ ನಲ್ಲಿ ತೆರೆದಾಗ ನೀರು ರಭಸದಿಂದ ಬರುತ್ತದೆ. ಮುಂಜಾನೆ ಎಲ್ಲರೂ ತೆರೆದಾಗ ಕೊಡ ತುಂಬುವುದೇ ಇಲ್ಲ. ಕೊಳವೆಯ ಕೊರತೆ ಬೇಡಿಕೆ ಹೆಚ್ಚಿದಾಗಲೇ ಹೊರಬೀಳುವುದು. ಜಾಳಿಗೆ ಅರ್ಧ ಕಟ್ಟಿಕೊಂಡ ಪಂಪೂ ಹಾಗೆಯೇ: ನಿಂತಲ್ಲಿ ಎಂಜಿನು ನಿರಾತಂಕವಾಗಿ ನಡೆಯುತ್ತದೆ, ಫ್ಲೈಓವರು ಏರುವಾಗ ಸೊರಗುತ್ತದೆ. ಆದುದರಿಂದ ಒತ್ತಡಮಾಪಕವನ್ನು ಜೋಡಿಸಿ, ಎಂಜಿನಿಗೆ ಭಾರ ಬಿದ್ದಾಗಲೂ ಮುಳ್ಳು ನಿಲ್ಲುತ್ತದೆಯೆ ಎಂದು ನೋಡುವುದೇ ನಿಜವಾದ ಪರೀಕ್ಷೆ.

ನಮ್ಮಲ್ಲಿ ಏಳನೆಯ ತರಗತಿಯಲ್ಲಿ ಓದುವ ಹುಡುಗನೊಬ್ಬನ ತಂದೆ ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸದವರು. ಅವರ ವಾಹನ ಏರಿನಲ್ಲಿ ನಿಲ್ಲತೊಡಗಿತು. ಗ್ಯಾರೇಜೊಂದರಲ್ಲಿ ಪಂಪನ್ನೇ ಬದಲಿಸಿದರು. ಮೂರನೆಯ ದಿನ ಅದೇ ಏರು, ಅದೇ ಕಾಯಿಲೆ. ಮತ್ತೊಬ್ಬ ಮೆಕ್ಯಾನಿಕನು ಪಂಪು ನಡೆಯುತ್ತಿರುವಾಗಲೇ ಅದರ ಕೂಡಿನಲ್ಲಿ ಮೀಟರು ಹಿಡಿದು ನೋಡಿದ. ಬ್ಯಾಟರಿಯಲ್ಲಿ 12 ವೋಲ್ಟಿಗೂ ಹೆಚ್ಚು, ಪಂಪಿನ ಬಳಿ 9 ಮಾತ್ರ! ಕೂಡಿನ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಕೂಡನ್ನು ಬಿಚ್ಚಿ ಅಳೆದಿದ್ದರೆ ಪೂರ್ತಿ 12 ತೋರಿಸುತ್ತಿತ್ತು, ಏಕೆಂದರೆ ವಿದ್ಯುತ್ತು ಹರಿಯುವಾಗ ಮಾತ್ರ ಕಿಲುಬಿನ ತಡೆ ಕಾಣಿಸುತ್ತದೆ. ಕಿಲುಬು ಕೆರೆದು ಒರೆಸಿದ ಮೇಲೆ ವಾಹನ ಏರಿತು. ಆದರೆ ಪಂಪಿನ ಹಣವೂ ನಾಲ್ಕು ದಿನದ ಸಂಪಾದನೆಯೂ ಮರಳಿ ಬರಲಿಲ್ಲ. ಆ ತಿಂಗಳು ಹುಡುಗನ ಬಸ್ಸಿನ ಪಾಸು ನಿಂತು, ಅವನು ನಡೆದೇ ಶಾಲೆಗೆ ಬಂದ.

ಮೀಟರಿನ ಫಲಕದಲ್ಲಿ ಹೊತ್ತುವ ಹಳದಿ ದೀಪವನ್ನು ಕೆಲವರು ದೇವವಾಣಿಯೆಂದು ನಂಬುತ್ತಾರೆ. ಅದರ ಸಂಕೇತಗಳು ಹೇಳುವುದು ಲಕ್ಷಣವನ್ನು, ಅಪರಾಧಿಯನ್ನಲ್ಲ. ‘ಇಂಧನ ಸಾಲದು’ ಎಂಬ ಸಂಕೇತಕ್ಕೆ ದಣಿದ ಪಂಪು ಕಾರಣವಿರಬಹುದು, ಕಟ್ಟಿದ ಇಂಜೆಕ್ಟರು ಇರಬಹುದು, ಒಡೆದ ರಬ್ಬರಿನಿಂದ ನುಸುಳಿದ ಹೆಚ್ಚಿನ ಗಾಳಿಯೂ ಇರಬಹುದು. ಇನ್ನೊಂದು ಮಾತು: ಟಾಕಿಯೊಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ. ದಿನವೂ ಐವತ್ತು ರೂಪಾಯಿಯ ಪೆಟ್ರೋಲಿನಲ್ಲಿ ಓಡಿಸಿದರೆ ಅದರ ಆಯುಷ್ಯ ಕುಗ್ಗುವ ಸಂಭವವುಂಟು.

ಈ ಕೆಲಸಗಳನ್ನು ಮಕ್ಕಳು ಹಿರಿಯರ ಪಕ್ಕದಲ್ಲಿ ನಿಂತು ನೋಡಲಿ, ಒಬ್ಬರೇ ಕೈ ಹಾಕದಿರಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ನೆಲದ ಮೇಲೆ ಹರಿದುಹೋಗಿ ದೂರದ ಕಿಡಿಯನ್ನೂ ತಲುಪಬಲ್ಲುದು. ಆದುದರಿಂದ ಬಯಲಿನಲ್ಲಿ, ಹಗಲಿನಲ್ಲಿ, ಬೆಂಕಿಯಿಂದ ದೂರವೇ ಮಾಡಬೇಕು. ಪ್ಲಗ್ಗಿನ ಕಿಡಿಯನ್ನು ಪೆಟ್ರೋಲಿನ ಬಳಿ ಪರೀಕ್ಷಿಸಬಾರದು. ಇಂಜೆಕ್ಟರಿನ ವಾಹನದಲ್ಲಿ ಎಂಜಿನು ಆರಿದ ಮೇಲೂ ನಳಿಗೆಯಲ್ಲಿ ಒತ್ತಡ ಉಳಿದಿರುವುದರಿಂದ ಒಮ್ಮೆಲೆ ಬಿಚ್ಚಿದರೆ ಪೆಟ್ರೋಲು ಕಣ್ಣಿಗೆ ಚಿಮ್ಮೀತು. ನಳಿಗೆಯನ್ನು ಬಾಯಲ್ಲಿಟ್ಟು ಪೆಟ್ರೋಲು ಎಳೆಯುವ ರೂಢಿಯಂತೂ ಬಹಳ ಅಪಾಯಕರ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಎರವಾದೀತು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬಾರದು. ಹೊರಬರುವಾಗ ಅದು ಮತ್ತೆ ಶ್ವಾಸನಾಳಕ್ಕೆ ಹೋಗುವ ಭಯವಿರುವುದರಿಂದ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.