ಒಂದು ಸೀರೆಗೆ ಎಷ್ಟು ನೂಲು ಬೇಕು?



ಸುರಪುರದ ಪಕ್ಕದ ರಂಗಂಪೇಟೆ ಕೈಮಗ್ಗದ ಊರು. ಮಜೂರಿಗೆ ನೇಯುವ ಪದ್ಧತಿಯಲ್ಲಿ ಯಜಮಾನರು ನೂಲನ್ನು ತೂಗಿ ಕೊಡುತ್ತಾರೆ, ನೇಯ್ದ ಸೀರೆಯನ್ನೂ ತೂಗಿಯೇ ತೆಗೆದುಕೊಳ್ಳುತ್ತಾರೆ. ತೂಕ ಕಡಿಮೆಯಾದರೆ ನೇಕಾರ ಉತ್ತರ ಹೇಳಬೇಕು. ನೂಲು ನಡುವೆ ಮುಗಿದರೆ ಮಗ್ಗ ನಿಲ್ಲುತ್ತದೆ. ಹೊಸದಾಗಿ ತಂದ ನೂಲಿನ ಬಣ್ಣ ಹೊಂದದಿದ್ದರೆ ಸೀರೆಯಲ್ಲಿ ಪಟ್ಟೆ ಬೀಳುತ್ತದೆ. ಹಾಗಾಗಿ ಇದು ಹೊಟ್ಟೆಪಾಡಿನ ಲೆಕ್ಕ.

ಹತ್ತಿ ನೂಲಿಗೆ ನಂಬರು ಇರುತ್ತದೆ. 840 ಗಜ, ಅಂದರೆ 768 ಮೀಟರ್ ಉದ್ದಕ್ಕೆ ಒಂದು ಲಡಿ. ಒಂದು ಪೌಂಡಿಗೆ (454 ಗ್ರಾಂ) ಇಂಥ 80 ಲಡಿ ತೂಗಿದರೆ ಅದು 80ರ ನೂಲು, 40 ತೂಗಿದರೆ 40ರ ನೂಲು. ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. ಆದರೆ 2/80 ಎಂದು ಬರೆದಿದ್ದರೆ ಎಚ್ಚರ! 80ರ ಎರಡು ಎಳೆ ಸೇರಿಸಿ ಹುರಿ ಮಾಡಿದ ನೂಲು ಅದು. ಉದ್ದದಲ್ಲಿ 40ರ ನೂಲಿಗೆ ಸಮ.

ಈಗ ಪೆನ್ಸಿಲ್ ಹಿಡಿಯಿರಿ. 48 ಅಂಗುಲ ಅಗಲ, ಐದೂವರೆ ಮೀಟರ್ ಉದ್ದದ ಸಾದಾ ಸೀರೆ, 80ರ ನೂಲು. ಹಾಸಿಗೆ ಅಂಗುಲಕ್ಕೆ 64 ಎಳೆಯಾದರೆ ಒಟ್ಟು 3,072 ಎಳೆ. ಒಂದೊಂದಕ್ಕೂ 6 ಮೀಟರ್ ಹಿಡಿಯಿರಿ. ಅರ್ಧ ಮೀಟರ್ ಹೆಚ್ಚೇಕೆ? ಕರವಸ್ತ್ರದಿಂದ ಒಂದು ಎಳೆ ಕಿತ್ತು, ನೆಟ್ಟಗೆ ಎಳೆದು ಅಳೆದು ನೋಡಿ: ಬಟ್ಟೆಗಿಂತ ಎಳೆಯೇ ಉದ್ದ. ನೇಯ್ಗೆಯಲ್ಲಿ ನೂಲು ಮೇಲೆ ಕೆಳಗೆ ಬಾಗಿ ಸಾಗುತ್ತದೆ. ಮಗ್ಗದ ತುದಿಯಲ್ಲೂ ಸ್ವಲ್ಪ ಉಳಿದು ಹೋಗುತ್ತದೆ. 18,432 ಮೀಟರ್ ಎಂದರೆ ಸರಿಯಾಗಿ 24 ಲಡಿ.

ಹೊಕ್ಕಿಗೆ ಅಂಗುಲಕ್ಕೆ 60ರಂತೆ ಸುಮಾರು 13,000 ಎಳೆ, ಒಂದೊಂದೂ ಒಂದೂಕಾಲು ಮೀಟರ್: 22 ಲಡಿ ಇರಲಿ. ಒಟ್ಟು 46 ಲಡಿ, ಸುಮಾರು 260 ಗ್ರಾಂ. ಇದೇ ಲೆಕ್ಕದಲ್ಲಿ 40ರ ನೂಲು ತಂದರೆ ತೂಕ ಎರಡರಷ್ಟು!

ಮನೆಯಲ್ಲಿ ಸ್ವೆಟರ್ ಹೆಣೆಯುವವರಿಗೂ ಉದ್ದವೇ ಮುಖ್ಯ. ಅದೇ ಕಡ್ಡಿಯಲ್ಲಿ ಚಿಕ್ಕ ಚೌಕ ಹೆಣೆದು, ಬಿಚ್ಚಿ, ಉಣ್ಣೆಯ ಉದ್ದ ಅಳೆಯಿರಿ. ಸ್ವೆಟರಿನಲ್ಲಿ ಅಂಥ ಎಷ್ಟು ಚೌಕ ಹಿಡಿಸುತ್ತವೆ ಎಂದು ಲೆಕ್ಕ ಹಾಕಿ.

ಗುಣ ನೋಡಲು ನೂಲನ್ನು ಕಪ್ಪು ರಟ್ಟಿಗೆ ಒತ್ತಾಗಿ ಸುತ್ತಿ. ದಪ್ಪ, ತೆಳು, ಗಂಟು ಕೂಡಲೇ ಕಾಣುತ್ತವೆ. ಬಣ್ಣದ ನೂಲನ್ನು ಒದ್ದೆಯಾದ ಬಿಳಿ ಬಟ್ಟೆಗೆ ಉಜ್ಜಿ ನೋಡಿ.

ಕೊನೆಗೆ ತಕ್ಕಡಿಯ ಮಾತು. ಹತ್ತಿ ಗಾಳಿಯ ತೇವವನ್ನು ಹೀರುತ್ತದೆ. ವ್ಯಾಪಾರದಲ್ಲಿ 100 ಗ್ರಾಂ ಒಣ ನೂಲಿಗೆ 8.5 ಗ್ರಾಂ ತೇವ ಸೇರಿಸಿಯೇ ಲೆಕ್ಕ ಹಿಡಿಯುವುದುಂಟು. ಮಳೆಗಾಲದಲ್ಲಿ ತೂಗಿ ತಂದ ನೂಲು ಸೀರೆಯಾಗಿ ಒಣ ಬೇಸಿಗೆಯಲ್ಲಿ ತಕ್ಕಡಿ ಏರಿದರೆ ಕೆಲವು ಗ್ರಾಂ ಕಡಿಮೆ ಬರುತ್ತದೆ, ಯಾರೂ ಕದ್ದಿರುವುದಿಲ್ಲ. ಹಾಸಿಗೆ ಹಚ್ಚಿದ ಗಂಜಿಯಿಂದ ತೂಕ ಏರುವುದೂ ಉಂಟು. ಅಂಥ ತಕರಾರು ಬಂದಾಗ ಎಳೆಗಳನ್ನು ಎಣಿಸಿ ಲಡಿ ಲೆಕ್ಕ ತೋರಿಸಬಲ್ಲ ನೇಕಾರನ ಮಾತಿಗೆ ಆಧಾರವಿರುತ್ತದೆ.